ಕಲ್ಲಿನ ಬೆನ್ನು

ಬಸವೇಶ್ವರಿಗೆ ಒಂದು ಚಟವಿತ್ತು. ಯಾವ ವಸ್ತು ಕೈಗೆ ಬಂದರೂ ಮೊದಲು ತಿರುಗಿಸಿ ಅದರ ಬೆನ್ನು ನೋಡಬೇಕು. ಸೀರೆ ಕೊಳ್ಳಲು ಹೋದರೆ ಸೆರಗಿನ ಅಂದಚೆಂದ ಆಮೇಲೆ, ಮೊದಲು ಒಳಮೈಯ ನೂಲು ನೋಡಬೇಕು. ಇಳಕಲ್ಲಿನಲ್ಲಿ ಇದು ದೊಡ್ಡ ಮಾತಲ್ಲ. ನೇಕಾರರ ಊರು, ಅಲ್ಲಿ ಯಾರೂ ಸೀರೆಯನ್ನು ಹೊರಳಿಸದೆ ಬೆಲೆ ಕೇಳುವುದಿಲ್ಲ. ಆದರೆ ಬಸವೇಶ್ವರಿ ಬಿಸ್ಕೀಟು ಪೊಟ್ಟಣವನ್ನೂ ಬಿಡುತ್ತಿರಲಿಲ್ಲ, ಗೋಡೆಗೆ ತೂಗುಹಾಕಿದ ನೆಂಟರ ಫೋಟೋವನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಬೀಗರ ಮನೆಯಲ್ಲಿ ಬೆಳ್ಳಿ ತಟ್ಟೆಯ ತಳ ನೋಡಿ, ಇದು ಬೆಳ್ಳಿಯಲ್ಲ ಎಂದು ಎಲ್ಲರೆದುರು ಹೇಳಿ, ಎರಡು ವರ್ಷ ಆ ಮನೆಯ ಹೋಳಿಗೆ ಕಳೆದುಕೊಂಡಿದ್ದಳು.

ಅವಳ ಕಸುಬು ಕಲ್ಲಿನ ಮೇಲೆ ಅಕ್ಷರ ಕೊರೆಯುವುದು. ಹುನಗುಂದ ರಸ್ತೆಯಲ್ಲಿ, ಗ್ರಾನೈಟ್ ಪಾಲಿಶ್ ಮಷಿನ್ನುಗಳ ಗದ್ದಲದ ನಡುವೆ, ತಂದೆ ಅಮಾತೆಪ್ಪ ಹಾಕಿದ ಸಣ್ಣ ಅಂಗಡಿ. ಗಂಡುಮಕ್ಕಳಿಲ್ಲದ ಅಮಾತೆಪ್ಪ ಮಗಳ ಕೈಗೆ ಉಳಿ ಕೊಟ್ಟಾಗ ಓಣಿಯವರು ನಕ್ಕಿದ್ದರು. ಈಗ ಅಮಾತೆಪ್ಪನೂ ಇಲ್ಲ, ನಕ್ಕವರೂ ಬಹಳ ಮಂದಿ ಇಲ್ಲ, ಅವರಲ್ಲಿ ಇಬ್ಬರ ಸಮಾಧಿಯ ಕಲ್ಲಿನ ಮೇಲೆ ಹೆಸರು ಬರೆದವಳು ಬಸವೇಶ್ವರಿಯೇ. ಕಂಪ್ಯೂಟರಿನಿಂದ ಅಕ್ಷರ ಕತ್ತರಿಸುವವರು ಊರಲ್ಲಿ ಎಷ್ಟೋ ಜನ ಆಗಿದ್ದಾರೆ. ಆದರೂ ಶಾಲೆ, ನೀರಿನ ಟಾಕಿ, ಸಮುದಾಯ ಭವನ ಎಂದು ಉದ್ಘಾಟನೆಯ ಕಲ್ಲು ಬೇಕಾದಾಗ ಗುತ್ತೇದಾರರು ಇವಳ ಅಂಗಡಿಗೇ ಬರುತ್ತಿದ್ದರು. ಇವಳು ಕೊರೆದ 'ಹ'ಕಾರದ ಬಾಲ ಸ್ವಲ್ಪ ಮೇಲಕ್ಕೆ ಎದ್ದಿರುತ್ತಿತ್ತು. ಗೊತ್ತಿದ್ದವರು ಗೋಡೆ ನೋಡಿಯೇ ಇದು ಅಮಾತೆಪ್ಪನ ಮಗಳ ಕೈ ಎನ್ನುತ್ತಿದ್ದರು.

ಅಂಗಡಿಗೆ ಒಂದು ಕಟ್ಟಳೆಯಿತ್ತು. ಅದು ಹುಟ್ಟಿದ ಕಥೆಯನ್ನು ಹೇಳಲೇಬೇಕು. ಬಸವೇಶ್ವರಿ ಚಿಕ್ಕವಳಿದ್ದಾಗ ಒಂದೇ ಟೆಂಪೋದಲ್ಲಿ ಎರಡು ಕಲ್ಲು ಹೋದವು. ಒಂದು ಹೈಸ್ಕೂಲಿಗೆ, ಇನ್ನೊಂದು ದನದ ದವಾಖಾನೆಗೆ. ಮುಖಕ್ಕೆ ಹಾಳೆ ಅಂಟಿಸಿ ಕಳಿಸುವ ರೂಢಿ, ಕೂಲಿಯವರು ಇಳಿಸುವಾಗ ಅದಲುಬದಲು ಮಾಡಿದರು. ಉದ್ಘಾಟನೆಯ ದಿನ ದೊಡ್ಡವರು ಬಂದು ಪರದೆ ಎಳೆದರೆ ಹೈಸ್ಕೂಲಿನ ಗೋಡೆಯ ಮೇಲೆ 'ಪಶು ಚಿಕಿತ್ಸಾಲಯ' ಎಂದು ಬಂಗಾರದ ಅಕ್ಷರ ಹೊಳೆಯುತ್ತಿತ್ತು. ಆ ವರ್ಷವಿಡೀ ಹುಡುಗರು ಮಾಸ್ತರರು ಹಾಜರಿ ಕರೆದರೆ 'ಅಂಬಾ' ಎನ್ನುತ್ತಿದ್ದರಂತೆ. ಅಂದಿನಿಂದ ಅಮಾತೆಪ್ಪ ಯಾವ ಕಲ್ಲು ಅಂಗಡಿ ಬಿಟ್ಟರೂ ಅದರ ಬೆನ್ನಿನ ಮೂಲೆಯಲ್ಲಿ ಸಣ್ಣ ಉಳಿಯಿಂದ ಊರಿನ ಹೆಸರು, ತಿಂಗಳು, ವರ್ಷ ಕೊರೆದೇ ಕಳಿಸುತ್ತಿದ್ದ. "ಮುಖ ಮಂದಿಗೆ, ಬೆನ್ನು ನಮಗ" ಎನ್ನುತ್ತಿದ್ದ. ಗೋಡೆಗೆ ಕೂತ ಮೇಲೆ ಆ ಬೆನ್ನನ್ನು ಸಿಮೆಂಟು ನುಂಗಿಬಿಡುತ್ತದೆ, ಮತ್ತೆ ಯಾರೂ ನೋಡುವುದಿಲ್ಲ. ಅವನು ತೀರಿಕೊಂಡ ಮೇಲೂ ಮಗಳು ಕಟ್ಟಳೆ ಬಿಟ್ಟಿರಲಿಲ್ಲ.

ಫೆಬ್ರುವರಿಯ ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಶಿವಪ್ರಕಾಶ ಗುತ್ತೇದಾರನ ಬಿಳಿ ಕಾರು ನಿಂತಿತು. ಬಾಗಲಕೋಟೆಯ ನವನಗರದಲ್ಲಿ ಮನೆ, ಬಾದಾಮಿಯಿಂದ ಹುನಗುಂದದವರೆಗೆ ಸರ್ಕಾರಿ ಕೆಲಸ. ಮನುಷ್ಯ ಬಾಯಿ ಬಿಟ್ಟರೆ ಬೆಲ್ಲ. ದಿನಕ್ಕೆ ಹತ್ತು ಮಂದಿಗೆ 'ಬರೋ ಸೋಮವಾರ' ಎಂದು ಮಾತು ಕೊಡುತ್ತಿದ್ದ. ಆ ಸೋಮವಾರ ಮಾತ್ರ ಯಾವ ಕ್ಯಾಲೆಂಡರಿನಲ್ಲೂ ಬರುತ್ತಿರಲಿಲ್ಲ. ಡಿಕ್ಕಿಯಲ್ಲಿ ಹಳೇ ಚಾದರದಲ್ಲಿ ಸುತ್ತಿದ್ದ ಕೆಂಪು ಕಲ್ಲನ್ನು ಯಾಕೂಬಸಾಬ ಇಳಿಸಿಕೊಂಡ. ಯಾಕೂಬಸಾಬ ಅಮಾತೆಪ್ಪನ ಕಾಲದಿಂದ ಆ ಅಂಗಡಿಯ ಮಷಿನ್ ನಡೆಸುವವನು.

"ಅಕ್ಕಾರ, ಇದರ ಮುಖ ಕೆರದು ಹೊಸಾದು ಬರೀರಿ" ಎಂದ ಶಿವಪ್ರಕಾಶ. "ಹಳ್ಳದಹಟ್ಟಿ ಅಂಗನವಾಡಿ. ಹೆಸರಿನ ಪಟ್ಟಿ ಆಮ್ಯಾಲ ಕಳಸ್ತೇನಿ. ಕೆಳಗಿನ ಸಾಲು ಮಾತ್ರ ಮರೀಬ್ಯಾಡ್ರಿ, ಕಾಮಗಾರಿ ಪೂರ್ಣಗೊಂಡಿದೆ ಅಂತ."

"ಇದು ಬೂದಿಹೊಲಕ್ಕ ಹೋಗಿತ್ತಲ್ರಿ?"

"ಅಲ್ಲಿ ಮಂದಿಗೆ ಕರೀ ಕಲ್ಲು ಬೇಕಂತ್ರಿ. ಏನ್ ಮಾಡೂದು, ಊರು ಅಂದ ಮ್ಯಾಲ ನೂರು ಬಾಯಿ."

ಕಳ್ಳನಿಗೊಂದು ಪಿಳ್ಳೆ ನೆವ. ಆದರೆ ಆ ಹೊತ್ತಿಗೆ ಬಸವೇಶ್ವರಿಗೆ ಅವನು ಕಳ್ಳ ಎಂದು ಗೊತ್ತಿರಲಿಲ್ಲ. ಅಂಗಡಿಯ ಅರ್ಧ ಕೆಲಸ ಅವನಿಂದ ಮತ್ತು ಅವನ ಗೆಳೆಯರಿಂದ ಬರುವುದು ಮಾತ್ರ ಗೊತ್ತಿತ್ತು. "ಆತ್ರಿ" ಎಂದಳು. ಯಾಕೂಬಸಾಬ ಸಂಜೆಯೊಳಗೆ ಮುಖ ತಿಕ್ಕಿ ನುಣ್ಣಗೆ ಮಾಡಿದ. ಬೂದಿಹೊಲದ ಅಕ್ಷರಗಳು ಕೆಂಪು ಕೆಸರಾಗಿ ಗಟಾರಕ್ಕೆ ಹರಿದುಹೋದವು.

ಮರುದಿನ ಹೊಸ ಊರಿನ ಹೆಸರು ಗುರುತು ಹಾಕಲೆಂದು ಕಲ್ಲನ್ನು ಬೋರಲು ಹಾಕಿದಾಗಲೇ ಅವಳ ತಲೆಗೆ ಹುಳ ಹೊಕ್ಕಿದ್ದು. ಬೆನ್ನಿನ ಮೂಲೆಯಲ್ಲಿ ಅವಳದೇ ಕೈಯ ಮೂರು ಸಾಲು ಇದ್ದವು. ಕೆಂಪಗಡ್ಡಿ, ೩-೨೩. ಸಣ್ಣಕೊಪ್ಪ, ೧೧-೨೩. ಬೂದಿಹೊಲ, ೮-೨೪. ಕಲ್ಲು ವಾಪಸು ತಂದಾಗ ಪ್ರತಿ ಸಲ ಶಿವಪ್ರಕಾಶ ಒಂದೊಂದು ನೆವ ಹೇಳಿದ್ದ. ಕೆಂಪಗಡ್ಡಿಯವರಿಗೆ ಕಲ್ಲು ಸಣ್ಣದಾಯಿತಂತೆ, ಸಣ್ಣಕೊಪ್ಪದವರಿಗೆ ದೊಡ್ಡದಾಯಿತಂತೆ. ಒಂದೊಂದೇ ಕೇಳಿದಾಗ ಒಪ್ಪುವ ಮಾತೇ. ಮೂರನ್ನೂ ಒಂದರ ಕೆಳಗೊಂದು ನೋಡಿದಾಗ ಬೇರೆಯದೇ ಕಾಣಿಸಿತು. ಒಂದೇ ಕಲ್ಲು ಒಂದು ಊರಿಗೆ ಸಣ್ಣದು, ಇನ್ನೊಂದಕ್ಕೆ ದೊಡ್ಡದು ಆಗುವುದು ಹೇಗೆ?

ಅವಳು ಪಟ್ಟಿ ಹಿಡಿದು ದಪ್ಪ ಅಳೆದಳು. ಅಂಗಡಿ ಬಿಟ್ಟಾಗ ಎರಡು ಇಂಚು ಇದ್ದ ಕಲ್ಲು ಮೂರು ಸಲ ಮುಖ ಕೆರೆಸಿಕೊಂಡು ಒಂದೂವರೆಗೆ ಇಳಿದಿತ್ತು.

"ಕಾಕಾ, ಇಲ್ಲಿ ನೋಡು."

ಯಾಕೂಬಸಾಬ ಕನ್ನಡಕ ಏರಿಸಿ ನೋಡಿದ. ಅವನು ನೋಡಿದ್ದು ಅಕ್ಷರವನ್ನಲ್ಲ. ಬೆನ್ನ ಮೇಲೆ ಅಂಗೈ ಆಡಿಸಿದ. "ಗ್ವಾಡಿಗೆ ಕುಂತು ಬಂದ ಕಲ್ಲಾಗಿದ್ರ ಸಿಮೆಂಟ್ ಹಿಡಿದಿರಬೇಕಲ್ಲ ತಂಗಿ. ಒಂದು ಹನಿನೂ ಇಲ್ಲ. ಮದುಮಗನ ಬೆನ್ನಿದ್ದಂಗೈತಿ."

ಅಂದರೆ ಎರಡು ವರ್ಷದಲ್ಲಿ ಮೂರು ಊರು ತಿರುಗಿ ಬಂದ ಕಲ್ಲು ಒಂದು ಗೋಡೆಯನ್ನೂ ಮುಟ್ಟಿರಲಿಲ್ಲ. ಹಾಗಾದರೆ ಅದು ಎಲ್ಲಿಗೆ ಹೋಗಿತ್ತು? ಬಸವೇಶ್ವರಿ ಅಂದು ಊಟಕ್ಕೆ ಕೂತಾಗಲೂ ರೊಟ್ಟಿಯನ್ನು ಎರಡೆರಡು ಸಲ ತಿರುಗಿಸಿ ನೋಡಿದಳು.

ಉತ್ತರ ತಾನಾಗಿಯೇ ಬಸ್ಸು ಹತ್ತಿ ಬಂತು. ಎರಡು ದಿನದ ಮೇಲೆ ನಲವತ್ತರ ಸುಮಾರಿನ ಒಬ್ಬ ಹೆಂಗಸು ಅಂಗಡಿಯ ಮೆಟ್ಟಿಲ ಕೆಳಗೆ ನಿಂತು, ಅಲ್ಲಿ ಒರಗಿಸಿದ್ದ ಕಲ್ಲುಗಳ ಅಕ್ಷರಗಳನ್ನು ಒಂದೊಂದಾಗಿ ನೋಡತೊಡಗಿದಳು. ಬಿಸಿಲಿಗೆ ಮುಖ ಕಂದಿತ್ತು. ಒಂದು ಕಲ್ಲಿನ 'ಹ'ಕಾರದ ಮೇಲೆ ಬೆರಳಿಟ್ಟು ಕೇಳಿದಳು.

"ಇದು ಯಾರ ಕೈರಿ?"

"ನಂದರಿ. ಬರ್ರಿ, ಕೂಡ್ರಿ. ಯಾವೂರು?"

"ಕೂಡಾಕ ಬಂದಿಲ್ರಿ. ನಾ ಶಾರವ್ವ, ಬೂದಿಹೊಲದ ಅಂಗನವಾಡಿ ನಡಸಾಕಿ. ನಮ್ಮೂರಾಗ ಕಟ್ಟಡ ಮುಗದೈತಿ ಅಂತ ಕೊರದಾಕಿ ನೀವs ಏನು?"

ಹೀಗೆ ಕೇಳಿ ಅವಳು ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ಕಚೇರಿಯ ಫೈಲಿನಲ್ಲಿದ್ದ ಫೋಟೋದ ಫೋಟೋ ಅದು. ಹಳದಿ ಗೋಡೆ, ಅದರ ಮೇಲೆ ಕೆಂಪು ಕಲ್ಲು, ಕಲ್ಲಿನ ಮೇಲೆ ಬಸವೇಶ್ವರಿಯ ಅಕ್ಷರ: ಅಂಗನವಾಡಿ ಕಟ್ಟಡ, ಬೂದಿಹೊಲ. ಕಾಮಗಾರಿ ಪೂರ್ಣಗೊಂಡಿದೆ.

"ಆಗಿಲ್ಲೇನ್ರಿ?"

ಶಾರವ್ವ ಈಗ ಕೂತಳು. ಒಂದು ಚರಿಗೆ ನೀರು ಕುಡಿದು ಹೇಳತೊಡಗಿದಳು. ಅವಳ ಅಂಗನವಾಡಿ ನಡೆಯುತ್ತಿದ್ದುದು ದುರಗಪ್ಪ ಎಂಬುವವರ ಜೋಳದ ಕೋಣೆಯಲ್ಲಿ, ಸರ್ಕಾರದ ಬಾಡಿಗೆಗೆ. ಇಪ್ಪತ್ತನಾಲ್ಕು ಮಕ್ಕಳು. ಹೊಸ ಕಟ್ಟಡದ ಗೋಡೆಗಳು ಬಾಗಿಲಿನೆತ್ತರಕ್ಕೆ ಎದ್ದು ಎರಡು ವರ್ಷವಾಗಿತ್ತು. ಅದರ ಮೇಲೆ ಒಂದು ಇಟ್ಟಿಗೆ ಏರಿರಲಿಲ್ಲ. ಫೋನ್ ಮಾಡಿದರೆ ಗುತ್ತೇದಾರ ಒಮ್ಮೆ ಉಸುಕು ಸಿಗುತ್ತಿಲ್ಲ ಎನ್ನುತ್ತಿದ್ದ, ಒಮ್ಮೆ ಗೌಂಡಿಯ ತಂಗಿಯ ಮದುವೆ ಎನ್ನುತ್ತಿದ್ದ. ಆ ತಂಗಿಗೆ ಎರಡು ವರ್ಷದಲ್ಲಿ ಮೂರು ಸಲ ಮದುವೆಯಾಗಿತ್ತು. ಆಷಾಢದಲ್ಲಿ ಆಷಾಢ, ಪಕ್ಷಮಾಸದಲ್ಲಿ ಪಕ್ಷಮಾಸ, ಚುನಾವಣೆ ಬಂದರೆ ಚುನಾವಣೆ. ಈಗ ಹೋದ ವಾರ ಕಚೇರಿಯಿಂದ ಒಂದು ಕಾಗದ ಬಂದಿತ್ತು. ಸ್ವಂತ ಕಟ್ಟಡ ಮುಗಿದಿರುವುದರಿಂದ ಬಾಡಿಗೆ ನಿಲ್ಲುತ್ತದೆ, ಮಾರ್ಚ್ ಮುಗಿಯುವುದರೊಳಗೆ ಅಲ್ಲಿಗೆ ಹೋಗದಿದ್ದರೆ ಕೇಂದ್ರವನ್ನು ಪಕ್ಕದ ಊರಿನ ಕೇಂದ್ರಕ್ಕೆ ಸೇರಿಸಲಾಗುವುದು.

"ಪಕ್ಕದೂರು ಹೈವೇದ ಆ ಕಡೆ ಐತ್ರಿ" ಎಂದಳು ಶಾರವ್ವ. "ಮೂರು ವರ್ಷದ ಕೂಸುಗಳು ಆ ರೋಡು ದಾಟಬೇಕು. ನಿಮ್ಮ ಕಲ್ಲು ಹೇರಿದ ಲಾರಿಗೋಳು ಹ್ಯಾಂಗ ಓಡ್ತಾವ ಗೊತ್ತೈತಲ್ಲ. ಯಾವ ತಾಯಿ ಕಳಸ್ತಾಳ್ರಿ? ಒಂದು ತಿಂಗಳಿಗೆ ಇಪ್ಪತ್ನಾಕು ಇದ್ದದ್ದು ನಾಕಾಗ್ತಾವ, ಆಮ್ಯಾಲ ಅಂಗನವಾಡಿನೇ ಇಲ್ಲ. ಕಟ್ಟಡ ಇಲ್ರಿ ಅಂತ ಹೇಳಾಕ ಹೋದ್ರ ಗುಮಾಸ್ತ ಈ ಫೋಟೋ ತೋರಸ್ತಾನ. ಕಲ್ಲಿನ ಮ್ಯಾಲ ಬರದೈತಲ್ರಿ ಅಂತಾನ."

ಬಸವೇಶ್ವರಿಗೆ ನಾಚಿಕೆಯಾಯಿತು. ಸಣ್ಣ ನಾಚಿಕೆಯಲ್ಲ. ಮೂವತ್ತು ವರ್ಷ ಕೊರೆದ ಅಕ್ಷರಗಳಲ್ಲಿ ಎಷ್ಟು ನಿಜ ಎಷ್ಟು ಸುಳ್ಳು ಎಂದು ತಾನು ಒಮ್ಮೆಯೂ ಕೇಳಿರಲಿಲ್ಲ ಎನ್ನುವುದು ಆಗ ಹೊಳೆಯಿತು. ಎಲ್ಲದರ ಬೆನ್ನು ನೋಡುವವಳು ತನ್ನ ಬರಹದ ಬೆನ್ನು ನೋಡಿರಲಿಲ್ಲ. ಮೇಲಾಗಿ ಬೂದಿಹೊಲದ ಆ ಅಕ್ಷರಗಳನ್ನು ಮೊನ್ನೆ ತಾನೇ ತಿಕ್ಕಿಸಿ ಹಾಕಿದ್ದಳು.

ಅವಳು ಫೋಟೋವನ್ನೇ ದೊಡ್ಡದು ಮಾಡಿ ನೋಡಿದಳು. ಹಳದಿ ಗೋಡೆ ಬೂದಿಹೊಲದ್ದಲ್ಲ ಎಂದಾದರೆ ಯಾರದು? ಕೆಳಗಿನ ಮೂಲೆಯಲ್ಲಿ ಏನೋ ಅರ್ಧ ಕಾಣುತ್ತಿತ್ತು. ಬಟ್ಟೆ ಒಗೆಯುವ ಕಲ್ಲು. ಕೆಂಪು ಕಲ್ಲಿನಲ್ಲಿ ಅಡ್ಡಡ್ಡ ಒಂದು ಬಿಳಿ ಎಳೆ, ನಡುವೆ ಕವಲೊಡೆದದ್ದು. ಮನುಷ್ಯರ ಮುಖ ಮರೆತರೂ ಕಲ್ಲಿನ ಮುಖ ಮರೆಯುವವಳಲ್ಲ ಅವಳು.

"ಕಾಕಾ, ಈ ಒಗಿಯೋ ಕಲ್ಲು ನಾವು ಯಾರಿಗೆ ಕೊಟ್ಟಿದ್ವಿ?"

ಯಾಕೂಬಸಾಬ ಬಗ್ಗಿ ನೋಡಿ, ನಿಧಾನವಾಗಿ ಕನ್ನಡಕ ತೆಗೆದ. "ನವನಗರಕ್ಕ. ಶಿವಪ್ರಕಾಶನ ಮನೀಗೆ."

ಗೊತ್ತಾದಷ್ಟು ಸಾಲದೆ? ಬೇರೆಯವರಿಗೆ ಸಾಕು. ಬಸವೇಶ್ವರಿಗೆ ಕಣ್ಣಾರೆ ನೋಡದೆ ಊಟ ಸೇರುವುದಿಲ್ಲ. ಮರುದಿನವೇ ಬಾಗಲಕೋಟೆ ಬಸ್ಸು ಹತ್ತಿದಳು. ದಾರಿಯಲ್ಲಿ ಕಮತಗಿ ದಾಟುವವರೆಗೂ ಅಲ್ಲಿ ಹೋಗಿ ಏನು ಹೇಳಬೇಕೆಂದು ಯೋಚಿಸಿ, ಕೊನೆಗೆ ಹೆಸರಿನ ಪಟ್ಟಿಯ ನೆವವೇ ಸಾಕು ಎಂದುಕೊಂಡಳು. ಶಿವಪ್ರಕಾಶ ಬಾದಾಮಿಗೆ ಹೋಗಿದ್ದ. ಅವನ ಹೆಂಡತಿ ರಮಾಬಾಯಿ ಬಾಗಿಲು ತೆಗೆದಳು. ಒಳ್ಳೆಯ ಹೆಂಗಸು, ಮಾತಿಗೆ ಜನ ಸಿಗದೆ ಬೇಸತ್ತವಳು.

"ಪಟ್ಟಿ ನನಗೇನ್ ಗೊತ್ರಿ, ಅವರು ಬಂದ ಮ್ಯಾಲ ಕೇಳಬೇಕು. ಚಾ ಕುಡೀರಿ."

"ನಾವು ಕೊಟ್ಟ ಒಗಿಯೋ ಕಲ್ಲು ಹ್ಯಾಂಗೈತ್ರಿ? ಜಾರಂಗಿಲ್ಲಲ್ಲ?" ಎಂದು ಬಸವೇಶ್ವರಿ ಚಹಾದ ಕಪ್ಪು ಹಿಡಿದುಕೊಂಡೇ ಹಿತ್ತಲಿಗೆ ನಡೆದಳು.

ಹಳದಿ ಗೋಡೆ ಅಲ್ಲೇ ಇತ್ತು. ಎದೆಮಟ್ಟದಲ್ಲಿ ಎರಡು ದಪ್ಪ ಕಬ್ಬಿಣದ ಕೊಕ್ಕೆ. ಅವುಗಳ ಸುತ್ತ ಬಣ್ಣ ಕಿತ್ತು, ಕಲ್ಲು ಇಟ್ಟು ತೆಗೆದ ಗುರುತು ಚೌಕಾಕಾರಕ್ಕೆ ಮೂಡಿತ್ತು. ಬಸವೇಶ್ವರಿ ಗೇಣು ಹಾಕಿ ಅಳೆದಳು. ಸರಿಯಾಗಿ ಹೊಂದಿತು.

"ಇದಕ್ಕ ಏನ್ ಹಾಕ್ತೀರಿ?"

"ಅದನ್ನ ನಾನೂ ಕೇಳೇನ್ರಿ" ಎಂದಳು ರಮಾಬಾಯಿ, ಏನೂ ಮುಚ್ಚಿಡದೆ. "ಆರೇಳು ತಿಂಗಳಿಗೊಮ್ಮೆ ಒಂದು ಕಲ್ಲು ತಂದು ನಿಲ್ಲಸ್ತಾರ, ಫೋಟೋ ಹೊಡೀತಾರ, ಮತ್ತ ತಗೊಂಡು ಹೋಗ್ತಾರ. ಯಾವುದರ ದೇವರ ಕಲ್ಲೇನೋ ಅಂತ ನಾ ಒಮ್ಮೆ ಕುಂಕುಮ ಹಚ್ಚಾಕ ಹೋಗಿದ್ದೆ. ಬೈದರು."

ಲಕ್ಷಗಟ್ಟಲೆಯ ಕಟ್ಟಡ ನುಂಗುವವನಿಗೆ ಹೊಸ ಕಲ್ಲೊಂದನ್ನು ಕೊಳ್ಳುವ ಮನಸ್ಸಾಗಿರಲಿಲ್ಲ! ಬಸವೇಶ್ವರಿಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಬಸ್ಸಿನಲ್ಲಿ ವಾಪಸು ಬರುವಾಗ ಬೂದಿಹೊಲದಲ್ಲಿ ಇಳಿದು ಆ ಗೋಡೆಗಳನ್ನೂ ನೋಡಿದಳು. ಒಳಗೆ ಜಾಲಿಯ ಗಿಡ ಅವಳಿಗಿಂತ ಎತ್ತರ ಬೆಳೆದಿತ್ತು, ಎರಡು ಆಡು ನೆರಳಿಗೆ ಮಲಗಿದ್ದವು. ಶಾರವ್ವನ ಜೋಳದ ಕೋಣೆಯಿಂದ ಮಕ್ಕಳು ಎಣಿಕೆ ಹೇಳುವುದು ಅಲ್ಲಿಗೂ ಕೇಳುತ್ತಿತ್ತು. ಹತ್ತರ ನಂತರ ಒಂದೊಂದು ಮಗು ಒಂದೊಂದು ದಾರಿ ಹಿಡಿಯುತ್ತಿತ್ತು.

ಶಾರವ್ವ ಮೇಲಿನ ಅಧಿಕಾರಿಗೆ ದೂರು ಬರೆದಳು. ಹೊಸದಾಗಿ ಬಂದಿದ್ದ ಆ ಹೆಣ್ಣುಮಗಳು ಗುಮಾಸ್ತನ ಮಾತಿಗೆ ನಿಲ್ಲದೆ, ಬರುವ ಗುರುವಾರ ನಾನೇ ಬಂದು ನೋಡುತ್ತೇನೆ ಎಂದಳು. ಆ ಸುದ್ದಿ ಶಿವಪ್ರಕಾಶನಿಗೆ ಮುಟ್ಟಿದ ಅರ್ಧ ತಾಸಿಗೆ ಬಸವೇಶ್ವರಿಯ ಫೋನ್ ಬಡಿದುಕೊಂಡಿತು.

"ಅಕ್ಕಾರ, ಹಳ್ಳದಹಟ್ಟಿ ಬಿಡ್ರಿ. ಅದರ ಮ್ಯಾಲ ಮತ್ತ ಬೂದಿಹೊಲಾನ ಬರೀರಿ. ಗುರುವಾರ ಮೇಡಂ ಬರ್ತಾರ. ತಗಡು ಹೊದಸ್ತೇನಿ, ಕಲ್ಲು ನಿಲ್ಲಸ್ತೇನಿ, ಅವರ ಕೈಲೇ ಪರದೆ ಎಳಸಿ ಎಲ್ಲಾರ ಬಾಯಾಗ ಒಂದೊಂದು ಪೇಢಾ ಇಟ್ಟು ಕಳಸ್ತೇನಿ. ಸ್ಲ್ಯಾಬ್ ಬರೋ ಸೋಮವಾರ ಹಾಕಿದ್ರಾತು."

ಬಸವೇಶ್ವರಿ ಎದ್ದು ಹೋಗಿ ಕಲ್ಲಿನ ಬೆನ್ನು ಮುಟ್ಟಿ ನೋಡಿ ಹೇಳಿದಳು. "ಆತ್ರಿ. ಆದ್ರ ಕಲ್ಲು ಭಾಳ ತೆಳ್ಳಗಾಗೇತಿ. ನಿಮ್ಮ ಹುಡುಗರು ಒಡದಾರು. ನಾನs ಬಂದು ನಿಲ್ಲಸ್ತೇನಿ."

"ನಿಮ್ಮಂಥಾವ್ರು ಇರಬೇಕ್ರಿ ಅಕ್ಕಾರ."

ಫೋನ್ ಇಟ್ಟ ಮೇಲೆ ಯಾಕೂಬಸಾಬ ಮಷಿನ್ ಬಂದ್ ಮಾಡಿ ಹತ್ತಿರ ಬಂದ. ಅವಳ ಮುಖ ನೋಡಿಯೇ ಅವನಿಗೆ ತಿಳಿದಿತ್ತು.

"ತಂಗಿ, ಒಬ್ಬ ಗುತ್ತೇದಾರನ ಮಾತಲ್ಲಿದು. ಅವರೆಲ್ಲಾ ಒಂದು. ನಾಳೆ ಒಬ್ಬಾಂವನೂ ಈ ಮೆಟ್ಲ ಹತ್ತಂಗಿಲ್ಲ. ನಿನ್ನ ತಲಿ ಮ್ಯಾಲ ನೀನs ಚಪ್ಪಡಿ ಎಳಕೊಳ್ತೀ."

"ಕಲ್ಲಿನ ಅಂಗಡ್ಯಾಗ ಇದ್ದು ಚಪ್ಪಡಿಗೆ ಹೆದರಿದ್ರ ಹ್ಯಾಂಗ ಕಾಕಾ" ಎಂದಳು ಬಸವೇಶ್ವರಿ. ಹೇಳಿದಳೇ ಹೊರತು ಹೆದರಿಕೆ ಇತ್ತು. ಮಗಳು ವಿದ್ಯಾ ಬಾಗಲಕೋಟೆಯಲ್ಲಿ ನರ್ಸಿಂಗ್ ಓದುತ್ತಿದ್ದಳು, ಯಾಕೂಬಸಾಬನ ಮನೆಯೂ ಈ ಮಷಿನ್ನಿನ ಮೇಲೆಯೇ ನಡೆಯುತ್ತಿತ್ತು. ಅವಳು ಬಹಳ ಹೊತ್ತು ಉಳಿ ಹಿಡಿದು ಕಲ್ಲಿನ ಮುಂದೆ ಕೂತಳು. ಮುಖದ ಮೇಲೆ ಒಂದು ಗೆರೆಯನ್ನೂ ಎಳೆಯಲಿಲ್ಲ. ಆಮೇಲೆ ಎದ್ದು, "ಇದಕ್ಕ ಇನ್ನೊಂದು ಕೈ ಪಾಲಿಶ್ ಹೊಡಿ ಕಾಕಾ, ಕನ್ನಡಿ ಆಗಬೇಕು" ಎಂದಳು.

ಗುರುವಾರ ಬೆಳಿಗ್ಗೆ ಬೂದಿಹೊಲದ ಗೋಡೆಗಳ ಮೇಲೆ ಹೊಸ ತಗಡು ಹೊಳೆಯುತ್ತಿದ್ದವು. ಜಾಲಿ ಕಡಿದಿದ್ದರು. ಆಡುಗಳು ತಮ್ಮ ಜಾಗ ಕಳೆದುಕೊಂಡು ಹೊರಗೆ ನಿಂತು ನೋಡುತ್ತಿದ್ದವು. ಬಾಗಿಲ ಪಕ್ಕ ಎರಡು ಕೊಕ್ಕೆ ಹೊಡೆಸಿ ಬಸವೇಶ್ವರಿ ಮತ್ತು ಯಾಕೂಬಸಾಬ ಕಲ್ಲು ನಿಲ್ಲಿಸಿ, ಮೇಲೆ ಕೆಂಪು ಪರದೆ ಇಳಿಬಿಟ್ಟರು. ಶಿವಪ್ರಕಾಶ ಪೇಢೆಯ ಡಬ್ಬಿ, ಹೂವಿನ ಹಾರ, ಫೋಟೋದವನು ಎಂದು ಓಡಾಡುವುದರಲ್ಲಿ ಅತ್ತ ತಿರುಗಿಯೂ ನೋಡಲಿಲ್ಲ.

ಮೇಡಂ ಬಂದಳು. ಮೇಲಿನ ತಗಡು ನೋಡಿದಳು, ಕೆಳಗಿನ ಮಣ್ಣು ನೋಡಿದಳು. "ಇದೇನು, ನೆಲ ಎಲ್ಲಿದೆ?" ಎಂದು ಕೇಳಿದಳು.

"ಅದೆಲ್ಲಾ ಬರೋ ಸೋಮವಾರ್ರಿ ಮೇಡಂ. ಮೊದಲು ತಮ್ಮ ಅಮೃತಹಸ್ತದಿಂದ..." ಎನ್ನುತ್ತ ಶಿವಪ್ರಕಾಶ ಪರದೆಯ ದಾರವನ್ನು ಅವಳ ಕೈಗೆ ಕೊಟ್ಟ. ಊರವರು ಸುತ್ತ ನಿಂತಿದ್ದರು. ಶಾರವ್ವ ಮಕ್ಕಳನ್ನು ಸಾಲಾಗಿ ಕರೆತಂದಿದ್ದಳು. ಮೇಡಂ ದಾರ ಎಳೆದಳು.

ಪರದೆಯ ಹಿಂದೆ ಬಂಗಾರದ ಅಕ್ಷರ ಇರಲಿಲ್ಲ. ಒರಟು ಕಲ್ಲಿನ ಬೆನ್ನು, ಅದರ ಮೂಲೆಯಲ್ಲಿ ಸಣ್ಣ ಉಳಿಯ ಮೂರು ಸಾಲು. ಮೇಡಂ ಬಗ್ಗಿ ಓದಿದಳು. "ಕೆಂಪಗಡ್ಡಿ, ಮೂರು, ಇಪ್ಪತ್ತಮೂರು. ಸಣ್ಣಕೊಪ್ಪ, ಹನ್ನೊಂದು, ಇಪ್ಪತ್ತಮೂರು. ಬೂದಿಹೊಲ... ಏನಿದು?"

"ಹಿಂದ ಮುಂದ ಆಗೇತ್ರಿ ಮೇಡಂ, ಹೆಣ್ಮಕ್ಕಳ ಕೆಲಸ" ಎಂದ ಶಿವಪ್ರಕಾಶ, ನಗಲು ನೋಡುತ್ತ. "ತಿರುವ್ರಿ ಅಕ್ಕಾರ, ಲಗೂ ತಿರುವ್ರಿ."

ಬಸವೇಶ್ವರಿ ಮತ್ತು ಯಾಕೂಬಸಾಬ ಸಾವಕಾಶ ಕಲ್ಲು ತಿರುಗಿಸಿ ನಿಲ್ಲಿಸಿದರು. ಕೆಂಪು ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರಲ್ಲಿ ಮೇಡಮ್ಮಿನ ಮುಖ ಕಂಡಿತು, ಹಿಂದೆ ಸಾಲಾಗಿ ನಿಂತ ಮಕ್ಕಳು ಕಂಡರು. ಅಕ್ಷರ ಒಂದೂ ಇರಲಿಲ್ಲ.

"ಇಲ್ಲಿ ಏನೂ ಬರೆದೇ ಇಲ್ಲವಲ್ಲ?"

"ಕಟ್ಟಿದ್ದಷ್ಟು ಬರದೇನ್ರಿ" ಎಂದಳು ಬಸವೇಶ್ವರಿ.

ಅಷ್ಟಕ್ಕೇ ನಿಲ್ಲಲಿಲ್ಲ. ಬೆನ್ನಿನ ಗುರುತು ಯಾಕೆ ಹಾಕುತ್ತಾರೆ ಎಂದು ಹೇಳಿದಳು, ದನದ ದವಾಖಾನೆಯ ಕಥೆಯನ್ನೂ ಬಿಡಲಿಲ್ಲ. ಸಿಮೆಂಟು ಹಿಡಿಯದ ಬೆನ್ನನ್ನು ಮುಟ್ಟಿ ನೋಡಿರಿ ಎಂದಳು, ಮೇಡಂ ಮುಟ್ಟಿ ನೋಡಿದಳು. ಶಾರವ್ವ ಫೋನಿನಲ್ಲಿನ ಹಳದಿ ಗೋಡೆ ತೋರಿಸಿದಳು.

"ಇದು ಯಾರ ಗೋಡೆ ಹಾಗಾದರೆ?"

"ಇವರ ಹಿತ್ತಲದ್ರಿ. ಆ ಒಗಿಯೋ ಕಲ್ಲು ನಮ್ಮ ಅಂಗಡೀದು. ಬೇಕಂದ್ರ ಹೋಗಿ ನೋಡ್ರಿ, ಕೊಕ್ಕೆ ಇನ್ನೂ ಅಲ್ಲೇ ಅದಾವ."

ಎಲ್ಲರೂ ಶಿವಪ್ರಕಾಶನತ್ತ ತಿರುಗಿದರು. ಇಂಗು ತಿಂದ ಮಂಗನಂತೆ ನಿಂತಿದ್ದ. ಕೈಯಲ್ಲಿ ಪೇಢೆಯ ಡಬ್ಬಿ ಇನ್ನೂ ತೆರೆದೇ ಇತ್ತು. ಸಾಲಿನಿಂದ ಒಂದು ಪುಟ್ಟ ಹುಡುಗಿ ಬಂದು ಅದರಿಂದ ಒಂದು ಪೇಢೆ ತೆಗೆದುಕೊಂಡು ಹೋಯಿತು. ಹಿಂದೆಯೇ ಉಳಿದವರೂ ಬಂದರು. ಡಬ್ಬಿ ಖಾಲಿಯಾಗುವವರೆಗೆ ಅವನು ಕೈ ಇಳಿಸಲಿಲ್ಲ.

ಮೇಡಂ ಅಲ್ಲೇ ನಿಂತು ಬರೆದಳು. ಕಟ್ಟಡ ಮುಗಿದಿಲ್ಲ, ಬಾಡಿಗೆ ನಿಲ್ಲುವುದಿಲ್ಲ, ಕೇಂದ್ರ ಎಲ್ಲಿಗೂ ಹೋಗುವುದಿಲ್ಲ. ಮುಂದಿನದು ಅಷ್ಟು ಸಲೀಸಾಗಿ ಆಗಲಿಲ್ಲ. ನೋಟೀಸು, ಅದಕ್ಕೆ ಉತ್ತರ, ಉತ್ತರಕ್ಕೆ ನೋಟೀಸು. ಆದರೆ ಏಪ್ರಿಲ್ ತಿಂಗಳಲ್ಲಿ ಸ್ಲ್ಯಾಬ್ ಹಾಕಿದ್ದಾಯಿತು. ಅದು ನಿಜವಾಗಿಯೂ ಸೋಮವಾರವೇ ಆದದ್ದನ್ನು ಬೂದಿಹೊಲದವರು ಇಂದಿಗೂ ಹೇಳಿ ನಗುತ್ತಾರೆ. ಇತ್ತ ಯಾಕೂಬಸಾಬ ಹೇಳಿದಂತೆಯೇ ಅಂಗಡಿಯ ಮೆಟ್ಟಿಲು ಹತ್ತುವ ಗುತ್ತೇದಾರರು ಕಡಿಮೆಯಾದರು. ಬಸವೇಶ್ವರಿ ಅಡುಗೆಮನೆಯ ಕಟ್ಟೆಗಳನ್ನೂ ಸಮಾಧಿಯ ಕಲ್ಲುಗಳನ್ನೂ ಮಾಡುತ್ತ ಮೂರು ತಿಂಗಳು ನೂಕಿದಳು. ಸತ್ತವರು ಸುಳ್ಳು ಬರೆಸುವುದಿಲ್ಲ, ಅಷ್ಟು ಸಮಾಧಾನ.

ಜೂನಿನಲ್ಲಿ ಶಾರವ್ವ ಬಂದಳು. ಈ ಸಲ ಮೆಟ್ಟಿಲು ಹತ್ತಿ ಬಂದು, ಅಂಗಡಿಗೇ ವಾಪಸು ಬಂದಿದ್ದ ಆ ಕೆಂಪು ಕಲ್ಲನ್ನು ತೋರಿಸಿದಳು. "ಈಗ ಬರೀರಿ ಅಕ್ಕಾರ. ಆ ಕಲ್ಲs ಆಗಬೇಕು."

ಬಸವೇಶ್ವರಿ ಬರೆದಳು. ಊರಿನ ಹೆಸರು, ಅಂಗನವಾಡಿ, ತಾರೀಖು. ಕೊರೆಯುವ ಮುಂಚೆ ಹೋಗಿ ಆ ಸೂರಿನ ಕೆಳಗೆ ನಿಂತು ಬಂದಿದ್ದಳು. ಆರಂಭದ ದಿನ ಯಾಕೂಬಸಾಬ ಬಾಗಿಲ ಪಕ್ಕದ ಗೋಡೆ ನೀರು ಹಾಕಿ ತೋಯಿಸಿ, ಸಿಮೆಂಟು ಕಲಸಿ, ಕರಣಿ ಕೈಯಲ್ಲಿ ಹಿಡಿದಿದ್ದ. ಆಗ ಇಬ್ಬರು ಹೆಂಗಸರು ಬಸ್ಸಿನಿಂದ ಇಳಿದು ಅವಸರದಲ್ಲಿ ಬಂದರು. ಒಬ್ಬಳು ಕೆಂಪಗಡ್ಡಿಯ ಅಂಗನವಾಡಿಯವಳು, ಶೈಲಾ ಎಂದು. ಇನ್ನೊಬ್ಬಳು ಸಣ್ಣಕೊಪ್ಪದ ಶಿವಬಸವ್ವ.

"ಹಚ್ಚಬ್ಯಾಡ್ರಿ" ಎಂದಳು ಶೈಲಾ, ಏದುಸಿರಿನಲ್ಲೇ. "ಆ ಕಲ್ಲು ಗ್ವಾಡಿಗೆ ಹಚ್ಚಬ್ಯಾಡ್ರಿ. ಅದರ ಬೆನ್ನಿಗೆ ನಮ್ಮೂರು ಐತ್ರಿ. ನಮ್ಮಲ್ಲೆ ಇನ್ನೂ ಮೋಟು ಗ್ವಾಡಿ ಅಷ್ಟ."

"ಫೋಟೋ ಹೊಡಕೊಂಡು ಹೋಗ್ರಲ್ಲ" ಎಂದ ಯಾಕೂಬಸಾಬ.

"ಫೋಟೋದಿಂದs ಇಷ್ಟೆಲ್ಲಾ ಆಗೇತಿ ಕಾಕಾ. ನಮ್ಮ ಸಾಹೇಬರು ಬ್ಯಾರೆ. ಕಲ್ಲs ಮುಂದಿಟ್ರ ನಂಬ್ತಾರ."

ಬಸವೇಶ್ವರಿ ಶಾರವ್ವನ ಮುಖ ನೋಡಿದಳು. ಹೇಳುವ ಹಕ್ಕು ಅವಳದು. ಎರಡು ವರ್ಷ ಆ ಕಲ್ಲಿಗಾಗಿ ಕಾದವಳು, ಅದರ ಮೇಲೆ ತನ್ನ ಊರಿನ ಹೆಸರು ಕೊನೆಗೂ ನಿಜವಾದದ್ದನ್ನು ಆ ಬೆಳಿಗ್ಗೆ ನಾಲ್ಕು ಸಲ ಓದಿದ್ದಳು. ಶಾರವ್ವ ಸೆರಗಿನಿಂದ ಕಲ್ಲಿನ ಮುಖದ ಧೂಳು ಒರೆಸಿದಳು. ಆಮೇಲೆ ಒಳಗಿನಿಂದ ಒಂದು ಹಳೇ ಚಾದರ ತಂದು ತಾನೇ ಅದನ್ನು ಸುತ್ತತೊಡಗಿದಳು.

"ಸಾವಕಾಶ ಒಯ್ರಿ" ಎಂದಳು. "ತೆಳ್ಳಗೈತಿ."

ಹೀಗೆ ಕಲ್ಲು ಮತ್ತೊಮ್ಮೆ ತಿರುಗಾಟಕ್ಕೆ ಹೊರಟಿತು, ಇಬ್ಬರು ಹೆಂಗಸರ ನಡುವೆ, ಬಸ್ಸಿನ ಕೊನೆಯ ಸೀಟಿನಲ್ಲಿ. ಕಲಸಿದ ಸಿಮೆಂಟು ಹಾಳಾಗಬಾರದೆಂದು ಯಾಕೂಬಸಾಬ ಬಾಗಿಲ ಮುಂದಿನ ಮೆಟ್ಟಿಲ ಅಂಚು ಸರಿಮಾಡಿದ. ಶಾರವ್ವ ಒಂದು ಸೀಮೆಸುಣ್ಣದ ಕಡ್ಡಿ ತಂದು ಕೊಟ್ಟಳು. ಬಸವೇಶ್ವರಿ ತೋಯ್ದ ಗೋಡೆ ಆರುವವರೆಗೆ ಕಾದು 'ಬೂದಿಹೊಲ' ಎಂದು ಬರೆದಳು. 'ಹ'ಕಾರದ ಬಾಲ ಎಂದಿನಂತೆ ಮೇಲಕ್ಕೆ ಎದ್ದಿತು. ಮಕ್ಕಳು ಒಳಗೆ ಹೋದರು.

ಎಲ್ಲರೂ ಒಳಗಿರುವಾಗ ಬಸವೇಶ್ವರಿ ಒಬ್ಬಳೇ ಕಟ್ಟಡವನ್ನು ಸುತ್ತು ಹಾಕಿ ಹಿಂದಕ್ಕೆ ಹೋದಳು. ಚಟ ಎಲ್ಲಿ ಬಿಡುತ್ತದೆ? ಹಿಂದಿನ ಗೋಡೆಗೂ ಪ್ಲಾಸ್ಟರ್ ಆಗಿತ್ತು, ಬಣ್ಣವೂ ಆಗಿತ್ತು. ಅಂಗೈ ಇಟ್ಟು ನೋಡಿದಳು, ಗಟ್ಟಿಯಾಗಿತ್ತು. ಕಿಟಕಿಯ ಆಚೆ ಮಕ್ಕಳು ಎಣಿಕೆ ಹೇಳುತ್ತಿದ್ದರು, ಹನ್ನೊಂದು ದಾಟಿದ್ದರು. ಅವಳು ಇಪ್ಪತ್ತನಾಲ್ಕರವರೆಗೆ ಕೇಳಿ, ಆಮೇಲೆ ಇಳಕಲ್ ಬಸ್ಸಿಗೆ ನಡೆದಳು.